ಬ್ರೆಡ್ಡು ತಿಂದ ಮಧ್ಯಾಹ್ನ

"ಅಂಚು ಕತ್ತರಿಸ್ಲಾ ಸಾರ್? ಜ್ವರದ ಬಾಯಿಗೆ ಗಟ್ಟಿ ಆಗುತ್ತೆ."

"ಯಾರಿಗೂ ಜ್ವರ ಇಲ್ಲ. ಇದು ನನಗೇ," ಎಂದ ರಾಮಾಂಜಿನಪ್ಪ.

ಬೇಕರಿಯ ತಾಜ್ ಪಾಷಾ ಚಾಕು ಹಿಡಿದ ಕೈ ನಿಲ್ಲಿಸಿ ಮುಖ ನೋಡಿದ. "ನಿಮಗಾ ಸಾರ್ ಜ್ವರ?"

"ತಿನ್ನೋದಕ್ಕೆ ನನಗೆ ಅಂದೆ."

"ಸರಿ ಸಾರ್," ಎಂದು ತಾಜ್ ಪಾಷಾ ಅಂಚು ಕತ್ತರಿಸಿಯೇಬಿಟ್ಟ.

ಚಿಂತಾಮಣಿಯ ಪೇಟೆಬೀದಿಯ ಆ ಬೇಕರಿಯಲ್ಲಿ ಹೊಸದಾಗಿ ಒಂದು ಹಲಗೆ ಹಾಕಿ, ನಿಂತು ತಿನ್ನುವ ಏರ್ಪಾಡು ಮಾಡಿದ್ದರು. ಮೇಲೆ ಸ್ಯಾಂಡ್‌ವಿಚ್ ಎಂದು ಬರೆಸಿದ್ದರು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ರಾಮಾಂಜಿನಪ್ಪ ವಾರವೆಲ್ಲ ಅದನ್ನು ಓದಿಕೊಂಡೇ ಮನೆಗೆ ಹೋಗಿ ಮುದ್ದೆ ಉಂಡಿದ್ದ. ಬೆಂಗಳೂರಿನಲ್ಲಿ ಓದುವಾಗ, ದಂಡು ಪ್ರದೇಶದ ಹೋಟೆಲುಗಳ ಗಾಜಿನ ಆಚೆ ಒಬ್ಬೊಬ್ಬರೇ ಕೂತು ನಿಧಾನವಾಗಿ ತಿನ್ನುವವರನ್ನು ಕಂಡಿದ್ದ. ಅವರು ತಿನ್ನುತ್ತಿದ್ದುದೇನೆಂಬುದು ಮರೆತಿತ್ತು. ಅವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ ಎಂಬುದು ಮಾತ್ರ ನೆನಪಿತ್ತು.

ಬೆಳಗ್ಗೆ ಹೆಂಡತಿಗೆ, "ಮಧ್ಯಾಹ್ನ ಊಟಕ್ಕೆ ಬರಲ್ಲ," ಎಂದಿದ್ದ. ಯಾಕೆಂದು ಕೇಳಿದರೆ ಹೇಳಲು ಒಂದು ಸುಳ್ಳನ್ನೂ ಹೊಂದಿಸಿಕೊಂಡಿದ್ದ. ಮಂಗಮ್ಮ "ಹೂಂ" ಎಂದಳು, ಅಷ್ಟೆ. ಹೇಳದೆ ಉಳಿದ ಸುಳ್ಳು ಪಾಠದ ನಡುವೆಯೂ ಅವನನ್ನು ಚುಚ್ಚುತ್ತಿತ್ತು.

ಬ್ರೆಡ್ಡಿನ ನಡುವೆ ಬೆಣ್ಣೆ, ಸೌತೆಕಾಯಿ, ಟೊಮ್ಯಾಟೊ, ಚಿಟಿಕೆ ಮೆಣಸಿನ ಪುಡಿ. ಕಚ್ಚಿದ. ಸೌತೆಕಾಯಿ ಸೌತೆಕಾಯಿಯಾಗಿಯೇ ಇತ್ತು. ಬ್ರೆಡ್ಡು ಅಂಗುಳಕ್ಕೆ ಅಂಟಿಕೊಂಡಿತು. ನಾಲಗೆಯಿಂದ ಅದನ್ನು ಬಿಡಿಸುತ್ತಿರುವಾಗಲೇ ಪಕ್ಕದ ಮನೆಯ ವೆಂಕಟರವಣಪ್ಪ, ಅಮಲ್ದಾರ್ ಕಚೇರಿಯಿಂದ ನಿವೃತ್ತರಾದವರು, ಎದುರು ನಿಂತರು.

"ಇದೇನಪ್ಪ ಮೇಷ್ಟ್ರೇ, ಬ್ರೆಡ್ಡು? ಮೈಗೆ ಹುಷಾರಿಲ್ವಾ?"

"ಚೆನ್ನಾಗಿದೀನಿ."

"ಮನೇಲಿ?"

"ಅವಳೂ ಚೆನ್ನಾಗಿದಾಳೆ."

"ಮತ್ಯಾಕೆ?"

ಆಸೆಯಾಯಿತು ಎನ್ನಬಹುದಿತ್ತು. ಹೆಂಡತಿ ಮನೆಯಲ್ಲಿರುವ ಮೇಷ್ಟ್ರು ಬೀದಿಯಲ್ಲಿ ನಿಂತು ಆಸೆಯಾಯಿತು ಎನ್ನುವುದಕ್ಕಿಂತ ಜ್ವರ ಬಂತು ಎನ್ನುವುದು ಮರ್ಯಾದೆ.

"ಸ್ವಲ್ಪ ಜ್ವರ," ಎಂದ.

"ನಾನು ಆಗಲೇ ಅಂದ್ಕೊಂಡೆ," ಎಂದ ತಾಜ್ ಪಾಷಾ, ಸಮಾಧಾನವಾದವನಂತೆ.

ವೆಂಕಟರವಣಪ್ಪ ಹಣೆ ಮುಟ್ಟಿ ನೋಡಿದರು. "ಸುಡ್ತಾ ಇದೆಯಲ್ಲಪ್ಪ. ನಡಿ ಮನೆಗೆ. ಸ್ಕೂಲಿಗೆ ನಾನು ಹೇಳ್ಕಳಿಸ್ತೀನಿ." ಮೊಣಕೈ ಹಿಡಿದುಕೊಂಡರು. ಕೊಡವಿಕೊಂಡರೆ ಬಿಡುವಷ್ಟು ಸಡಿಲ ಹಿಡಿತ. ಅವನು ಕೊಡವಿಕೊಳ್ಳಲಿಲ್ಲ. ಬೀದಿಯುದ್ದಕ್ಕೂ ಕೇಳಿದವರಿಗೆಲ್ಲ ವೆಂಕಟರವಣಪ್ಪನವರೇ ಉತ್ತರ ಕೊಟ್ಟರು.

ಮನೆಯ ಬಾಗಿಲು ಓರೆಯಾಗಿತ್ತು. ಒಳಗೆ ಯಾರೋ ನಗುತ್ತಿದ್ದರು. ತೆಲುಗಿನಲ್ಲಿ ಏನೋ ಹೇಳಿ, ಹೇಳಲಾರದೆ, ಮತ್ತೆ ಉಸಿರು ಕಟ್ಟುವಂತೆ ನಗುತ್ತಿದ್ದರು. ಯಾರಿರಬಹುದು ಎಂದುಕೊಂಡ. ಬಾಗಿಲು ತಳ್ಳಿದ ಮೇಲೆ ಗೊತ್ತಾಯಿತು, ಅದು ಮಂಗಮ್ಮ.

ಅವಳು ಬಾಗೇಪಲ್ಲಿ ಕಡೆಯವಳು. ಮದುವೆಯಾದ ಹೊಸದರಲ್ಲೇ, ಮನೆಯಲ್ಲಿ ಕನ್ನಡ ಇರಲಿ ಎಂದಿದ್ದ. ಅವನಿದ್ದಾಗ ಅವಳು ತೆಲುಗನ್ನೂ ಆಡಿರಲಿಲ್ಲ, ಹೀಗೆ ನಕ್ಕೂ ಇರಲಿಲ್ಲ. ಈಗ ವೆಂಕಟರವಣಪ್ಪನವರ ಹೆಂಡತಿ ಅಕ್ಕಯ್ಯಮ್ಮನ ಜೊತೆ ನೆಲದ ಮೇಲೆ ಕಾಲು ಚಾಚಿ ಕೂತು, ಮಾವಿನಕಾಯಿ ಕಲಸಿದ ಕಡ್ಲೆಪುರಿ ತಿನ್ನುತ್ತಿದ್ದಳು.

ಅವನನ್ನು ಕಂಡು ಕಾಲು ಮಡಿಸಿಕೊಂಡಳು. ನಗು ಅಲ್ಲಿಗೇ ನಿಂತಿತು.

"ಮಂಗಮ್ಮ, ಚಾಪೆ ಹಾಸಮ್ಮ. ಜ್ವರ ಕಣಮ್ಮ," ಎಂದರು ವೆಂಕಟರವಣಪ್ಪ.

"ಬೆಳಗ್ಗೆನೇ ಹೇಳಬಾರದಾಗಿತ್ತಾ?" ಎಂದಳು ಮಂಗಮ್ಮ, ಕನ್ನಡದಲ್ಲಿ.

"ಏನು ಮಾತಾಡ್ತಿದ್ರಿ?" ಎಂದು ಕೇಳಿದ.

"ಏನಿಲ್ಲ."

ಹೇಳು ಎನ್ನಬೇಕೆನ್ನಿಸಿತು. ಅಷ್ಟರಲ್ಲಿ ಅವಳು ಚಾಪೆ ಹಾಸಿದ್ದಳು. ಮಲಗಿದ. ಕಂಬಳಿಯನ್ನು ಗದ್ದದವರೆಗೆ ಎಳೆದಳು. ಹೊರಗೆ ಚೈತ್ರದ ಬಿಸಿಲು, ಮೇಲೆ ಹೆಂಚು. ಕುತ್ತಿಗೆಯಿಂದ, ಕಿವಿಯ ಹಿಂದಿನಿಂದ ಬೆವರು ಇಳಿಯತೊಡಗಿತು.

"ಬೆವರು ಬಿಡ್ತಾ ಇದೆ. ಒಳ್ಳೇದು," ಎಂದರು ಅಕ್ಕಯ್ಯಮ್ಮ. "ಇನ್ನೊಂದು ಹೊದಿಸಮ್ಮ."

ನನಗೇನೂ ಆಗಿಲ್ಲ ಎನ್ನಲು ಅವನು ಬಾಯಿ ತೆರೆದ. ಇನ್ನೊಂದು ಕಂಬಳಿ ಮುಖದ ಮೇಲೆ ಬಿತ್ತು.