ಬ್ರೇಕ್ ಹಿಡಿಯದ ಚಾಂಪಿಯನ್

ಮಗಳ ಸೈಕಲ್ಲಿನ ಹಿಂದಿನ ಬ್ರೇಕಿನಿಂದ ಎರಡು ಪ್ಯಾಡುಗಳನ್ನೂ ಎಳೆದು ತೆಗೆದು ಅಂಗೈ ಮೇಲೆ ಇಟ್ಟುಕೊಂಡೆ. ಮೂರು ವಾರದ ಹಿಂದೆ ನಾನೇ ಹಾಕಿದ್ದವು. ಈಗ ಉಗುರಿನಷ್ಟು ತೆಳ್ಳಗಾಗಿದ್ದವು; ಮೇಲ್ಮೈ ಸುಟ್ಟು ಗಾಜಿನ ಹಾಗೆ ಹೊಳೆಯುತ್ತಿತ್ತು. ಅವು ಒತ್ತಿ ಹಿಡಿಯುವ ಉಕ್ಕಿನ ತಟ್ಟೆಯೂ ಕಾದು ನೀಲಿ ತಿರುಗಿತ್ತು. ಮುಂದಿನ ಬ್ರೇಕು ಬಿಚ್ಚಿದೆ. ಅದರ ಪ್ಯಾಡು ಡಬ್ಬಿಯಿಂದ ಈಗಷ್ಟೇ ತೆಗೆದಂತೆ ಇತ್ತು.

ಸ್ಟೂಲು ಎಳೆದುಕೊಂಡು ಕೂತೆ.

ಇಪ್ಪತ್ತೆರಡು ವರ್ಷದಿಂದ ಈ ರಿಪೇರಿ ಕೋಣೆಯಲ್ಲಿ ಊರಿನವರ ಬ್ರೇಕು ಬಿಚ್ಚುತ್ತಿದ್ದೇನೆ. ಮುಖ ನೋಡಿ ತಿಳಿಯದ್ದು ಪ್ಯಾಡು ನೋಡಿದರೆ ತಿಳಿಯುತ್ತದೆ. ಹಿಂದಿನದು ಮಾತ್ರ ಸುಟ್ಟಿದ್ದರೆ, ಇಳಿಜಾರಿನ ತಲೆಯಿಂದ ಬುಡದವರೆಗೂ ಹೆದರಿಕೊಂಡು, ಬಿಡದೆ ಹಿಡಿದುಕೊಂಡೇ ಬಂದಿದ್ದಾರೆ ಎಂದು ಅರ್ಥ. ಮಗಳು ಮೂರು ವಾರದಿಂದ "ಚೆನ್ನಾಗಿ ಹೋಗ್ತಾ ಇದೆ ಅಮ್ಮ" ಎನ್ನುತ್ತಿದ್ದಳು. ಮೊಣಕೈ ತರಚಿದ್ದಕ್ಕೆ ಶಾಲೆಯ ಮೆಟ್ಟಿಲು ಕಾರಣ ಎಂದಿದ್ದಳು. ಪ್ಯಾಡು ಬೇರೆಯೇ ಹೇಳುತ್ತಿತ್ತು.

ನಾಳೆ ಬೆಳಿಗ್ಗೆ ಎಂಟಕ್ಕೆ ಅವಳು ಜಾರುಬಂಡೆ ಇಳಿಯಬೇಕು. ಊರಾಚೆಯ ಗುಡ್ಡದಲ್ಲಿ ಎರಡು ಮಹಡಿಯಷ್ಟು ಎತ್ತರದ ನುಣುಪು ಬಂಡೆ ಅದು. ಇಳಿದ ಕೂಡಲೇ ಎಡಕ್ಕೆ ತಿರುವು. ತಿರುವು ತಪ್ಪಿದರೆ ಎದುರಿಗೆ ಚೂಪು ಕಲ್ಲುಗಳ ರಾಶಿ. ಚೆನ್ನಾಗಿ ಇಳಿದ ನಾಲ್ಕು ಮಂದಿಯನ್ನು ಕ್ಲಬ್ಬಿನ ತಂಡಕ್ಕೆ ಆರಿಸುತ್ತಾರೆ. ಆರಿಸುವವನು ಚಾಂಪಿಯನ್.

ಅವನನ್ನು ಎಲ್ಲರೂ ಕರೆಯುವುದೇ ಹಾಗೆ. ಗುಡ್ಡಗಾಡಿನ ಸೈಕಲ್ ರೇಸಿನಲ್ಲಿ ಮೂರು ಸಲ ದೇಶಕ್ಕೇ ಮೊದಲು ಬಂದವನು. ನನ್ನ ಗಂಡ ಈ ಅಂಗಡಿಯ ಯಜಮಾನರು, ಕ್ಲಬ್ಬಿನ ಕಾರ್ಯದರ್ಶಿಯೂ ಹೌದು. ಆರು ತಿಂಗಳ ಹಿಂದೆ ಅವರೇ ಅವನನ್ನು ಕೋಚ್ ಆಗಿ ಕರೆತಂದರು. ಹನ್ನೆರಡು ಮಕ್ಕಳಿದ್ದ ಕ್ಲಬ್ಬಿಗೆ ನಲವತ್ತು ಮಕ್ಕಳು ಬಂದರು.

ಅದಕ್ಕೂ ಮೊದಲು ಕಲಿಸುತ್ತಿದ್ದವರು ನನ್ನ ಅತ್ತಿಗೆ, ಗಂಡನ ಅಕ್ಕ. ಶಾಲೆಯಲ್ಲಿ ಆಟದ ಟೀಚರಾಗಿದ್ದವರು. ಅವರು ಭಾಗವಹಿಸಿದ್ದು ಎರಡೇ ಸೈಕಲ್ ರೇಸಿನಲ್ಲಿ. ಒಂದರಲ್ಲಿ ಕೊನೆಯವರು, ಇನ್ನೊಂದರಲ್ಲಿ ಕೊನೆಯಿಂದ ಎರಡನೆಯವರು. "ನೋಡು, ಮುಂದೆ ಬಂದೆ" ಎಂದು ತಾವೇ ನಗುತ್ತಿದ್ದರು. ಅವರ ಪಾಠವೆಲ್ಲ ಸೀಮೆಸುಣ್ಣದ್ದು. ಬ್ರೇಕು ಹಿಡಿಯಬೇಕಾದ ಕಡೆ ನೆಲದ ಮೇಲೆ ಒಂದು ಗೆರೆ, ಬಿಡಬೇಕಾದ ಕಡೆ ಇನ್ನೊಂದು. ಮಕ್ಕಳು ಗೆರೆಯಿಂದ ಗೆರೆಗೆ ಕಲಿಯುತ್ತಿದ್ದರು. ಮಗಳು ಹುಟ್ಟುವ ಮೊದಲು ನನ್ನನ್ನೂ ಹಾಗೆಯೇ ಎರಡು ಸಲ ಜಾರುಬಂಡೆ ಇಳಿಸಿದ್ದರು. ಚಾಂಪಿಯನ್ ಬಂದ ವಾರ, ಯಾರೂ ಏನೂ ಹೇಳುವ ಮುಂಚೆಯೇ, ಸೀಮೆಸುಣ್ಣದ ಡಬ್ಬಿಯನ್ನು ನನ್ನ ಮೇಜಿನ ಡ್ರಾಯರಿನಲ್ಲಿಟ್ಟು ಹೊರಟುಬಿಟ್ಟರು.

"ಮೀನಿನ ಮರಿಗೆ ಈಜು ಕಲಿಸಬೇಕಾ ಅಂತಾರಲ್ಲ," ಎಂದಿದ್ದರು ಬಾಗಿಲಲ್ಲಿ ನಿಂತು. "ಸರಿ, ಒಪ್ಪಿದೆ. ಆದ್ರೆ ಮೀನಿನ ಹತ್ರ ಈಜು ಕಲಿತವರನ್ನ ನಾನಂತೂ ನೋಡಿಲ್ಲ ಕಣೇ."

ಗಂಡ ಅದನ್ನು ಹೊಟ್ಟೆಕಿಚ್ಚು ಎಂದರು.

ನಾಲ್ಕು ಗಂಟೆಗೆ ಮಗಳು ಶಾಲೆಯಿಂದ ನೇರವಾಗಿ ಕೋಣೆಗೆ ಬಂದಳು.

"ಆಯ್ತಾ ಅಮ್ಮ, ನನ್ನ ಸೈಕಲ್ಲು?"

"ಆಗ್ತಾ ಇದೆ. ಇಲ್ಲಿ ಬಾ, ಇದನ್ನ ನೋಡು." ಅಂಗೈ ಬಿಚ್ಚಿದೆ.

ನೋಡಿದಳು, ತಕ್ಷಣ ಗೋಡೆಯ ಕಡೆ ತಿರುಗಿದಳು. ಹದಿನಾರು ವರ್ಷ ಈ ಅಂಗಡಿಯಲ್ಲೇ ಬೆಳೆದವಳು. ಪ್ಯಾಡು ಓದಲು ಅವಳಿಗೂ ಬರುತ್ತದೆ.

"ಎಷ್ಟು ಸಲ ಬಿದ್ದೆ?"

"ಎರಡು." ಮೊಣಕೈ ಮುಚ್ಚಿಕೊಳ್ಳುತ್ತ, "ನಾಲ್ಕು."

"ಸರ್ ಏನಂತಾರೆ?"

"ಬ್ರೇಕ್ ಮುಟ್ಟಬೇಡ ಅಂತಾರೆ. ಮುಟ್ಟಿದ್ರೆ ಬಂಡೆ ಮೇಲೆ ಚಕ್ರ ಜಾರುತ್ತೆ. ಅದು ನಿಜ, ಜಾರೇ ಜಾರುತ್ತೆ. ಆದ್ರೆ ಹಿಡೀದೆ ಹೋದ್ರೆ ಕೆಳಗೆ ತಿರುಗೋಕೇ ಆಗಲ್ಲಮ್ಮ, ಅಷ್ಟು ಜೋರಾಗಿರುತ್ತೆ. ಹೇಗೆ ಸರ್ ಅಂದ್ರೆ 'ನೋಡು, ಹೀಗೆ' ಅಂತ ಇಳಿದು ತೋರಿಸ್ತಾರೆ. ಮತ್ತೆ ಕೇಳಿದ್ರೆ ಮತ್ತೆ ಇಳೀತಾರೆ."

"ಬೈತಾರಾ?"

"ಅಯ್ಯೋ, ಬೈದಿದ್ರೇ ಚೆನ್ನಾಗಿತ್ತು. ಪಾಪ, ನನಗಿಂತ ಅವರಿಗೇ ಬೇಜಾರು. 'ನಾನು ಒಂಬತ್ತು ವರ್ಷಕ್ಕೇ ಇಂಥ ಬಂಡೆ ಇಳಿದೆ, ಏನೂ ಮಾಡಲಿಲ್ಲ, ಬಿಟ್ಟುಬಿಟ್ಟೆ ಅಷ್ಟೇ' ಅಂತಾರೆ." ಮೇಜಿನ ಮೇಲಿನ ಸ್ಪ್ಯಾನರನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. "ಅಮ್ಮ, ಕೆಲವರಿಗೆ ಹುಟ್ಟಿನಿಂದಲೇ ಧೈರ್ಯ ಇರಲ್ಲ, ಅಲ್ವಾ?"

ಕೇಳಿದವಳೇ ಚೀಲ ಹೆಗಲಿಗೇರಿಸಿದಳು.

"ಬಿದ್ದಿದ್ದು ಅಪ್ಪನಿಗೆ ಹೇಳಬೇಡ, ನನ್ನಾಣೆ. ನಾಳೆ ಏನಾದ್ರೂ ಆಗಲಿ, ಬ್ರೇಕ್ ಮುಟ್ಟಲ್ಲ. ಕಣ್ಣು ಮುಚ್ಕೊಂಡು ಬಿಟ್ಟುಬಿಡ್ತೀನಿ."

ಅವಳು ಹೋದ ಮೇಲೆ ಸ್ಕ್ರೂ ಡಬ್ಬಿ ಮುಚ್ಚಿಟ್ಟೆ. ಕಣ್ಣು ಮುಚ್ಚಿದರೆ ಆ ಕಲ್ಲುರಾಶಿ ಕಾಣುತ್ತಿತ್ತು, ಒಂದೊಂದು ಕಲ್ಲೂ ಬೇರೆ ಬೇರೆಯಾಗಿ. ಕೈ ಒರೆಸಿಕೊಂಡು ಅಂಗಡಿಯ ಮುಂಭಾಗಕ್ಕೆ ಹೋದೆ. ಗಂಡ ಹೆಲ್ಮೆಟ್ಟುಗಳನ್ನು ಅಳತೆಯ ಪ್ರಕಾರ ಜೋಡಿಸುತ್ತಿದ್ದರು.

"ರೀ, ನಾಳೆ ಅವಳು ಇಳಿಯೋದು ಬೇಡ."

"ಯಾಕೆ?"

"ಇನ್ನೂ ಕಲಿತಿಲ್ಲ ಅವಳು."

"ಮೂರು ಸಲ ಚಿನ್ನ ಗೆದ್ದವನಿಗೆ ಗೊತ್ತಿಲ್ಲದ್ದು ಇಕ್ಕಳ ಹಿಡಿಯೋಳಿಗೆ ಗೊತ್ತಾಯ್ತಾ?" ಅವರು ತಮಾಷೆಗೇ ಹೇಳಿದ್ದು. ಆಮೇಲೆ ನನ್ನ ಮುಖ ನೋಡಿ ದನಿ ತಗ್ಗಿಸಿದರು. "ನಮ್ಮ ಮಗಳೇ ಹಿಂದೆ ಸರಿದ್ರೆ ಉಳಿದ ಅಪ್ಪ ಅಮ್ಮಂದಿರು ಏನಂದ್ಕೊಳ್ತಾರೆ ಹೇಳು. ಒಂದು ಸಲ ಇಳಿದ್ರೆ ಭಯ ತಾನಾಗೇ ಬಿಡುತ್ತೆ. ನೀನು ಅವಳ ತಲೆಗೆ ಹುಳ ಬಿಡಬೇಡ."

ನಾಲ್ಕು ಸಲ ಬಿದ್ದಿದ್ದಾಳೆ ಎಂಬುದು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಹುಳ ಇದ್ದದ್ದು ನನ್ನ ತಲೆಯಲ್ಲಿ. ಅದು ಕೊರೆಯುತ್ತಲೇ ಇತ್ತು.

ಐದು ಗಂಟೆಗೆ ಚಾಂಪಿಯನ್ ಬಂದ. ತನ್ನ ಸೈಕಲ್ಲನ್ನು ಬೆಳಿಗ್ಗೆ ರಿಪೇರಿಗೆ ಬಿಟ್ಟು ಹೋಗಿದ್ದ. ಮುಂದಿನ ಪ್ಯಾಡು ಬದಲಿಸಿ ಇಟ್ಟಿದ್ದೆ.

"ಅಕ್ಕಾ, ನನ್ನ ಕುದುರೆ ರೆಡಿನಾ?"

ಮೂವತ್ತರ ಆಸುಪಾಸಿನ ಹುಡುಗ. ಎಂದೋ ಮುರಿದು ಕೂಡಿಕೊಂಡ ಭುಜದ ಮೂಳೆ ಅಂಗಿಯೊಳಗಿಂದಲೂ ಉಬ್ಬಿ ಕಾಣುತ್ತದೆ. ಕೆಟ್ಟವನಲ್ಲ, ಕೆಟ್ಟವನಾಗಿದ್ದರೆ ನನಗೆ ಸುಲಭವಾಗುತ್ತಿತ್ತು.

"ಒಂದು ಮಾತು ಕೇಳ್ತೀನಿ. ಜಾರುಬಂಡೆ ಇಳಿಯುವಾಗ ನೀನು ಬ್ರೇಕು ಎಲ್ಲಿ ಹಿಡೀತೀಯಪ್ಪ?"

"ಹಿಡಿಯೋದೇ ಇಲ್ಲಕ್ಕ."

"ಒಂಚೂರೂ?"

"ಅಲ್ಲಿ ಹಿಡಿದ್ರೆ ಆಸ್ಪತ್ರೆಯಲ್ಲೇ ಕಣ್ಣು ಬಿಡೋದು."

"ಹಾಗಾದ್ರೆ ಇದೇನು?" ಅವನ ಹಳೆಯ ಪ್ಯಾಡುಗಳನ್ನು ಮೇಜಿನ ಮೇಲೆ ಇಟ್ಟೆ. ಮುಂದಿನ ಬ್ರೇಕಿನವು ತಗಡು ಕಾಣುವಷ್ಟು ಸವೆದಿದ್ದವು.

ತಿರುಗಿಸಿ ನೋಡಿದ. "ಬೇರೆ ಎಲ್ಲೋ ಸವೆದಿರಬೇಕು. ಪೇಟೆ, ಸಿಗ್ನಲ್ಲು..."

"ಪೇಟೆಗೆ ಕಾರಲ್ಲಿ ಬರ್ತೀಯ. ಈ ತಿಂಗಳು ಈ ಸೈಕಲ್ಲು ಗುಡ್ಡ ಬಿಟ್ಟು ಬೇರೆ ನೆಲ ಕಂಡಿಲ್ಲ."

"ಪೊಲೀಸರ ಥರ ಹಿಡ್ಕೊಂಡ್ರಲ್ಲಕ್ಕ," ಎಂದು ನಕ್ಕ.

"ಹೊಸ ಪ್ಯಾಡು ಹಾಕಿದೀನಿ. ಅಂಗಡಿ ಹಿಂದೆ ಹೋಗಿ ಒಂದ್ಸಲ ಇಳಿದು ನೋಡು."

ಅಂಗಡಿಯ ಹಿಂದೆ ಲಾರಿಯಿಂದ ಸಾಮಾನು ಇಳಿಸಲು ಸಿಮೆಂಟಿನ ಇಳಿಜಾರಿದೆ. ಅದರ ಬುಡದಲ್ಲಿ ಒಂದು ನೀರಿನ ಡ್ರಮ್ಮು. ಅದನ್ನು ಸುತ್ತಿಕೊಂಡೇ ಗೇಟಿಗೆ ಹೋಗಬೇಕು. ಪಳಗುವವರೆಗೆ ಹೊಸ ಪ್ಯಾಡು ಸ್ವಲ್ಪ ಒತ್ತಿದರೂ ಕೂಗುತ್ತದೆ. ಅವನಿಗೂ ಅದು ಗೊತ್ತು. ಸೈಕಲ್ಲು ಹತ್ತಿ ಬಂದ. ಇಳಿಜಾರು ಶುರುವಾಗುವ ಎರಡು ಹೆಜ್ಜೆ ಮೊದಲು ಕೀಂ ಎಂದಿತು, ಮತ್ತೊಮ್ಮೆ ಕೀಂ ಎಂದಿತು. ಆಮೇಲೆ ಸದ್ದಿಲ್ಲ. ನೀರಿನ ಹಾಗೆ ಇಳಿದು ಡ್ರಮ್ಮು ಸುತ್ತಿ ನಿಂತ.

"ಬ್ರೇಕ್ ಹಿಡಿದ್ಯಾ?"

"ಇಲ್ವಲ್ಲ."

"ಕೂಗ್ತಲ್ಲ?"

"ಹೊಸದಲ್ವಾ, ತಾನಾಗೇ ಕೂಗುತ್ತೆ."

"ತಾನಾಗೇ ಕೂಗೋಕೆ ಅದೇನು ಕೋಳಿನಾ? ಹಿಡಿದ್ರೇನೇ ಕೂಗೋದು."

ಅವನ ನಗು ಅರ್ಧಕ್ಕೆ ನಿಂತಿತು. ಸೈಕಲ್ಲು ತಿರುಗಿಸಿ ಮತ್ತೆ ಮೇಲೆ ಹೋದ. ಈ ಸಲ ತನ್ನ ಬೆರಳನ್ನೇ ನೋಡುತ್ತ ಬಂದ. ಬ್ರೇಕು ಇಳಿಜಾರಿನ ನಡುವೆ ಕೂಗಿತು, ಚಕ್ರ ಓಲಾಡಿತು. ಮೂರು ಚಿನ್ನದ ಪದಕದವನು ಕಾಲು ನೆಲಕ್ಕೂರಿ, ಡ್ರಮ್ಮು ಹಿಡಿದುಕೊಂಡು ನಿಂತ.

"ಬೆರಳು ನೋಡೋಕೆ ಹೋದ್ರೆ ಇಳಿಯೋಕೇ ಬರಲ್ಲಕ್ಕ," ಎಂದ. ಡ್ರಮ್ಮಿನಿಂದ ಕೈ ತೆಗೆದು, "ನಾನು ಮಕ್ಕಳಿಗೆ ಸುಳ್ಳು ಹೇಳಿಲ್ಲ. ನನಗೆ ನೆನಪಿರೋದು ಬ್ರೇಕ್ ಬಿಟ್ಟಿದ್ದು ಮಾತ್ರ."

"ನಾಳೆ ಇಳಿಯೋ ಮೊದಲು ಇದನ್ನ ಅವರಿಗೆ ಹೇಳ್ತೀಯಾ?"

"ಏನಂತ ಹೇಳಲಿ? ಎಲ್ಲಿ ಹಿಡೀತೀನಿ ಅಂತ ನನಗೇ ಗೊತ್ತಿಲ್ಲ. ತಪ್ಪು ಜಾಗ ಹೇಳಿ ಯಾರಾದ್ರೂ ಬಿದ್ರೆ? ಆಯ್ಕೆ ಮುಗೀಲಿ ಅಕ್ಕಾ, ಆಮೇಲೆ ನಿಧಾನಕ್ಕೆ ನೋಡೋಣ."

ಗೇಟು ದಾಟಿ ಹೋದವನು ಸೈಕಲ್ಲು ಹತ್ತಲಿಲ್ಲ. ರಸ್ತೆಯ ತಿರುವಿನವರೆಗೂ ತಳ್ಳಿಕೊಂಡೇ ಹೋದ.

ಒಳಗೆ ಬಂದು ಮಗಳ ಸೈಕಲ್ಲಿನ ಮುಂದೆ ನಿಂತೆ. ಎರಡು ಬ್ರೇಕೂ ಬಿಚ್ಚಿಕೊಂಡು ಸ್ಟ್ಯಾಂಡಿನ ಮೇಲಿತ್ತು. ಹೀಗೇ ಬಿಟ್ಟರೆ ಸಾಕು ಅನಿಸಿತು. 'ಬ್ರೇಕಿನ ಎಣ್ಣೆ ಸೋರ್ತಾ ಇದೆ, ವಾಷರ್ ಸಿಗಲಿಲ್ಲ' ಎಂದರೆ ಯಾರೂ ಅನುಮಾನ ಪಡುವುದಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ನಾನು ಬ್ರೇಕಿನ ವಿಷಯದಲ್ಲಿ ಸುಳ್ಳು ಹೇಳಿಲ್ಲ. ಆದ್ದರಿಂದಲೇ ಈ ಸುಳ್ಳು ಸಲೀಸಾಗಿ ನಡೆಯುತ್ತಿತ್ತು. ಆದರೆ ಅವಳು ಇನ್ಯಾರದೋ ಸೈಕಲ್ಲು ಇಸಕೊಂಡು ಇಳಿಯುತ್ತಾಳೆ. ಅಥವಾ ಇಳಿಯದೆ ಮನೆಗೆ ಬಂದು, ತಾನು ಹುಟ್ಟಿನಿಂದಲೇ ಧೈರ್ಯವಿಲ್ಲದವಳು ಎಂದು ನಂಬಿಕೊಳ್ಳುತ್ತಾಳೆ. ಯಾವುದು ಹೆಚ್ಚು ಹೆದರಿಸಿತು ಎಂದು ಕೇಳಿದರೆ ಹೇಳುವುದು ಕಷ್ಟ.

ನನ್ನ ಅಮ್ಮ ಟೈಲರ್. ಟೇಪು ಮುಟ್ಟದೆ ಕಣ್ಣಳತೆಯಲ್ಲೇ ಬಟ್ಟೆ ಕತ್ತರಿಸುತ್ತಿದ್ದಳು. ಒಂದು ಹೊಲಿಗೆ ಆಚೀಚೆ ಆಗುತ್ತಿರಲಿಲ್ಲ. ನನಗೆ ಕಲಿಸಲು ಕೂತಾಗ "ಕಾಣಲ್ವಾ ನಿಂಗೆ? ಇಷ್ಟು ಸುಲಭದ್ದು ಕಾಣಲ್ವಾ?" ಎನ್ನುತ್ತಿದ್ದಳು. ನನಗೆ ಕಾಣುತ್ತಿರಲಿಲ್ಲ. ಮಗಳ ವಯಸ್ಸಿಗೆ ನಾನು, ನನ್ನ ಕೈಗೆ ಯಾವ ಕೆಲಸವೂ ಬರುವುದಿಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೆ. ಮದುವೆಯಾಗಿ ಈ ಕೋಣೆಗೆ ಬಂದ ಮೇಲೆ, ಸೊಟ್ಟಗಾದ ಒಂದು ಚಕ್ರವನ್ನು ಮುಂದಿಟ್ಟು ಅತ್ತಿಗೆ ಕಡ್ಡಿಗಳಿಗೆ ಸೀಮೆಸುಣ್ಣದ ಗುರುತು ಹಾಕಿದರು. "ಇದನ್ನ ಕಾಲು ಸುತ್ತು. ಅದನ್ನ ಅರ್ಧ ಸುತ್ತು. ಈಗ ತಿರುಗಿಸಿ ನೋಡು." ಚಕ್ರ ನೆಟ್ಟಗೆ ತಿರುಗಿತು. ಅಂದು ನಾನು ಯಾಕೆ ಅತ್ತುಬಿಟ್ಟೆ ಎಂದು ಅವರಿಗೆ ಇಂದಿಗೂ ಹೇಳಿಲ್ಲ.

ಎರಡು ಕಡೆಗೂ ಹೊಸ ಪ್ಯಾಡು ಹಾಕಿದೆ, ಬ್ರೇಕಿನ ಕೊಳವೆಗೆ ಎಣ್ಣೆ ತುಂಬಿದೆ, ಗಾಳಿಗುಳ್ಳೆ ಒಂದೂ ಉಳಿಯದಂತೆ ನಾಲ್ಕು ಸಲ ಒತ್ತಿ ನೋಡಿದೆ. ಹೋದ ಭಾನುವಾರ ಗುಡ್ಡದ ಮೇಲೆ, ಚಾಂಪಿಯನ್ ಇಳಿದು ತೋರಿಸುವಾಗ ನಾನು ಯಾರದೋ ಪಂಕ್ಚರಾದ ಟ್ಯೂಬು ಹಿಡಿದು ನಿಂತಿದ್ದೆ. ಬಂಡೆಗೆ ಮೊದಲು, ಸೀಳಿದ ಕಲ್ಲೊಂದರ ಹತ್ತಿರ, ಸಣ್ಣಗೆ ಕಿರ್ ಎಂದದ್ದು ಈಗ ಕಿವಿಗೆ ಮರಳಿ ಬಂತು. ಅಲ್ಲೇ ಹಿಡಿದು ವೇಗ ತಗ್ಗಿಸಿ, ಬಂಡೆಯ ಮೇಲೆ ಬಿಟ್ಟುಬಿಡುತ್ತಿದ್ದ. ಆದರೆ ಅದು ಅವನ ಜಾಗ, ಅವನ ವೇಗದ್ದು. ಮಗಳ ಗೆರೆ ಇನ್ನೂ ಎಷ್ಟು ಹಿಂದೆ? ಒಂದು ಮಾರಾ, ಮೂರು ಮಾರಾ? ಅದನ್ನು ಕಣ್ಣಳತೆಗೆ ಬಿಡುವಂತಿಲ್ಲ. ನಿಧಾನಕ್ಕೆ ಇಳಿಯುವವರು ಯಾರಾದರೂ ಇಳಿದೇ ನೋಡಬೇಕು.

ಡ್ರಾಯರು ತೆಗೆದು ಎರಡು ಸೀಮೆಸುಣ್ಣ ಏಪ್ರನ್ ಜೇಬಿಗೆ ಹಾಕಿಕೊಂಡೆ. ಗೋಡೆಯ ಕೊಕ್ಕೆಯಲ್ಲಿ ಹದಿನೇಳು ವರ್ಷದಿಂದ ತೂಗುತ್ತಿದ್ದ ನನ್ನ ಸೈಕಲ್ಲನ್ನು ಇಳಿಸಿದೆ. ಧೂಳು ಒರೆಸಿ, ಬ್ರೇಕು ನೋಡಿ, ಗಾಳಿ ತುಂಬತೊಡಗಿದೆ. ಬೆಳಿಗ್ಗೆ ಐದೂವರೆಗೆ ಬೆಳಕಾಗುತ್ತದೆ, ಎಂಟರವರೆಗೆ ಗುಡ್ಡದಲ್ಲಿ ಯಾರೂ ಇರುವುದಿಲ್ಲ.

ಗಂಡ ಬಾಗಿಲಿನಿಂದ ಇಣುಕಿದರು.

"ಯಾರದು ಅದು, ಈ ಹೊತ್ತಿನಲ್ಲಿ ಹೊಸ ರಿಪೇರಿ?"

"ಹಳೇದು," ಎಂದೆ. "ಗಾಳಿ ಇಳಿದಿತ್ತು."