ಹಿಡಿಯ ಹೊಲಿಗೆ

ನನ್ನ ಕರಿ ಬ್ಯಾಗಿನ ಹಿಡಿಯ ಬುಡದಲ್ಲಿ ಮೇಣ ಸವರಿದ ಬಿಳಿ ದಾರದ ಹನ್ನೊಂದು ಹೊಲಿಗೆಗಳಿವೆ. ಬ್ಯಾಗಿನ ಉಳಿದ ಭಾಗವೆಲ್ಲ ಸವೆದು ಹಣ್ಣಾಗಿದೆ. ಈ ಹನ್ನೊಂದು ಮಾತ್ರ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಹೊಸದೊಂದು ಕೊಳ್ಳಬಾರದೇ ಎಂದು ಮನೆಯವರು ಕೇಳುತ್ತಲೇ ಇರುತ್ತಾರೆ. ನಾನು ಕೊಳ್ಳುವುದಿಲ್ಲ, ಹೋಗಿ.

ಆಗ ನಾನು ವಕೀಲಿಕೆ ಶುರುಮಾಡಿ ಎರಡು ವರ್ಷವಾಗಿತ್ತು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅನ್ನುತ್ತಾರಲ್ಲ, ಹಾಗಿತ್ತು ನನ್ನ ಉಮೇದು. ಯಮನಪ್ಪನ ಕೇಸು ಬಂದದ್ದು ಆಗಲೇ. ಬಸ್‌ನಿಲ್ದಾಣದ ಬಾಯಲ್ಲಿ ಮೂರು ಅಡಿಯ ಅಂಗಡಿಯಲ್ಲಿ ಕೂತು ಚಪ್ಪಲಿ, ಬ್ಯಾಗು ಹೊಲಿಯುತ್ತಿದ್ದವನು ಅವನು. ಯಾರೋ ಒಬ್ಬ ಹಿಡಿ ಕಿತ್ತ ದೊಡ್ಡ ಚರ್ಮದ ಬ್ಯಾಗನ್ನು ರಿಪೇರಿಗೆ ಕೊಟ್ಟು ಹೋದ. ಅವನು ತಿರುಗಿ ಬರಲಿಲ್ಲ, ಮೂರನೆಯ ದಿನ ಪೊಲೀಸರು ಬಂದರು. ಬ್ಯಾಗಿನ ಒಳಬಟ್ಟೆಯನ್ನು ನಡುವೆ ಸೀಳಿದರೆ ಎರಡು ಕೆಜಿ ಗಾಂಜಾ!

ಇಂಥ ಕೇಸುಗಳಲ್ಲಿ ಕಾನೂನು ತುಸು ತಲೆಕೆಳಗು. ಮಾಲು ನಿನ್ನ ವಶದಲ್ಲಿತ್ತು ಎಂದು ಸಾಬೀತಾದರೆ, ಅದು ನಿನಗೆ ಗೊತ್ತೇ ಇತ್ತು ಎಂದು ಕೋರ್ಟು ಹಿಡಿಯುತ್ತದೆ. ಗೊತ್ತಿರಲಿಲ್ಲ ಎಂದು ತೋರಿಸುವ ಹೊರೆ ಆರೋಪಿಯ ತಲೆಗೇ. ತಪ್ಪಿದರೆ ಹತ್ತು ವರ್ಷದವರೆಗೂ ಜೈಲು. ಯಮನಪ್ಪನ ಹೆಂಡತಿ ರೇಣವ್ವ ಪ್ರತಿ ತಾರೀಖಿಗೂ ಕೋರ್ಟಿನ ಬೇವಿನ ಮರದಡಿ ಕೂತಿರುತ್ತಿದ್ದಳು. "ಬರ್ತಾರೇನ್ರೀ ಮನಿಗೆ?" ಇಷ್ಟೇ ಅವಳ ಪ್ರಶ್ನೆ. ನನಗೆ ರಾತ್ರಿ ನಿದ್ದೆ ಹತ್ತುತ್ತಿರಲಿಲ್ಲ.

ಇಪ್ಪತ್ತಮೂರು ಪ್ರಶ್ನೆ ಬರೆದುಕೊಂಡು ಸಬ್‌ಇನ್‌ಸ್ಪೆಕ್ಟರರ ಪಾಟೀಸವಾಲಿಗೆ ಎದ್ದೆ. ಪೊಟ್ಟಣದ ಸೀಲು ಒಡೆದಿತ್ತೇ? ಇಲ್ಲ. ತೂಕದಲ್ಲಿ ವ್ಯತ್ಯಾಸ? ಗುಲಗಂಜಿಯಷ್ಟೂ ಇಲ್ಲ. "ಆರೋಪಿ ಗಾಂಜಾ ತುಂಬಿ ಒಳಬಟ್ಟೆ ಹೊಲೀತಿದ್ದಾಗಲೇ ಹಿಡಿದೀವಿ" ಎಂದು ಅವರು ಒಂದೇ ಪಟ್ಟು ಹಿಡಿದರು. ಹತ್ತನೆಯ ಪ್ರಶ್ನೆಗೇ ನಾನು ಕೂತುಬಿಟ್ಟೆ.

ಉಳಿದದ್ದು ನ್ಯಾಯಾಧೀಶರು ಆರೋಪಿಯನ್ನೇ ಕೇಳುವ ಘಟ್ಟ. ಮೊದಲೇ ಅವನಿಗೆ ತಾಕೀತು ಮಾಡಿದ್ದೆ: "ಏನ್ ಕೇಳಿದ್ರೂ 'ಗೊತ್ತಿಲ್ಲ' ಅನ್ರಿ ಯಮನಪ್ಪಾ. ಅದರ ಮುಂದ ಒಂದಕ್ಷರ ಬ್ಯಾಡ."

"ಆತ್ರೀ ಅವ್ವಾರ" ಎಂದಿದ್ದ.

ಆದರೆ ಕಟಕಟೆಯಲ್ಲಿ ಅವನ ಕಣ್ಣು ಮೇಜಿನ ಮೇಲಿದ್ದ ಆ ಬ್ಯಾಗಿಗೇ ನೆಟ್ಟಿತ್ತು. "ಇನ್ನೇನಾದರೂ ಹೇಳುವುದಿದೆಯೇ?" ಎಂದು ನ್ಯಾಯಾಧೀಶರು ಕೇಳಿದ್ದೇ ತಡ, "ಸಾಹೇಬ್ರ, ಅದನ್ನೊಮ್ಮೆ ಕೈಯಾಗ ಕೊಡ್ರಿ" ಎಂದ. ಕೊಟ್ಟರು. ತಿರುಗಿಸಿ ನೋಡಿ, "ಹೌದ್ರೀ, ಈ ಬ್ಯಾಗ ನನ್ನ ಅಂಗಡಿಗೇ ಬಂದಿತ್ತು" ಅಂದುಬಿಟ್ಟ!

ಅಯ್ಯೋ ದೇವರೇ, ವಶ ತಾನಾಗಿಯೇ ಒಪ್ಪಿದನಲ್ಲ! ಸರ್ಕಾರಿ ವಕೀಲರು ಮೀಸೆಯಲ್ಲೇ ನಕ್ಕರು.

"ಈ ಹಿಡಿ ನೋಡ್ರಿ, ಇದು ನನ್ನ ಹೊಲಿಗಿ. ಎರಡು ಸೂಜಿ, ಮೇಣದ ದಾರ. ಎಳದ್ರ ಬ್ಯಾಗ ಹರೀಬೇಕು, ಹೊಲಿಗಿ ಬಿಚ್ಚೂದಿಲ್ಲ." ಆಮೇಲೆ ಒಳಬಟ್ಟೆಯ ಅಂಚನ್ನು ಹೊರಕ್ಕೆ ಮಗುಚಿ ಮುಖ ಸಿಂಡರಿಸಿದ. "ಇದು ಮಷಿನ್ ಹೊಲಿಗಿ. ಅದೂ ಸೊಟ್ಟ. ಥೂ! ನಾ ಇಂಥಾದು ಹೊಲದ್ರ ನಮ್ಮಪ್ಪ ಮ್ಯಾಲಿಂದ ಇಳದುಬಂದು ಬಾರಸ್ತಿದ್ದ. ಜೈಲಿಗಿ ಹಾಕೂದಾದ್ರ ಹಾಕ್ರಿ, ಈ ಹೊಲಿಗಿ ನಂದಂತ ಮಾತ್ರ ಬರೀಬ್ಯಾಡ್ರಿ."

ಕೋರ್ಟಿಗೆ ಕೋರ್ಟೇ ನಕ್ಕಿತು. ನಾನು ನಗಲಿಲ್ಲ. ಪೊಲೀಸರು ಅಂಗಡಿಯಲ್ಲಿ ಬರೆದುಕೊಂಡ ಪಂಚನಾಮೆಯ ಮೂರನೆಯ ಪುಟ ನೆನಪಾಗಿತ್ತು. ಕೆಲಸಕ್ಕೆ ಬಾರದ್ದೆಂದು ನಾನು ದಾಟಿಸಿಬಿಟ್ಟಿದ್ದ ಪುಟ ಅದು. ಎದ್ದು ಗಟ್ಟಿಯಾಗಿ ಓದಿದೆ: "ಅಂಗಡಿಯಲ್ಲಿ ದಬ್ಬಣ ಎರಡು, ಸೂಜಿ ನಾಲ್ಕು, ಕತ್ತಿ ಒಂದು, ಮೇಣದ ಉಂಡೆ ಒಂದು. ಇವಲ್ಲದೆ ಬೇರಾವ ಸಲಕರಣೆಯೂ ಕಂಡುಬರಲಿಲ್ಲ." ಅದರ ಕೆಳಗಿದ್ದದ್ದು ಸಬ್‌ಇನ್‌ಸ್ಪೆಕ್ಟರರದೇ ಸಹಿ. ಹೊಲಿಗೆ ಮಷಿನ್ನೇ ಇಲ್ಲದ ಅಂಗಡಿಯಲ್ಲಿ, ಕಣ್ಣೆದುರೇ ಮಷಿನ್ ಹೊಲಿಗೆ ಹಾಕುತ್ತಿದ್ದವನನ್ನು ಹಿಡಿದದ್ದು ಹೇಗೆ? ಬ್ಯಾಗು ಇವನ ವಶದಲ್ಲಿತ್ತು ನಿಜ. ಆದರೆ ಅದು ಅಂಗಡಿಗೆ ಬರುವ ಮೊದಲೇ ಒಳಗಿನ ಗಾಂಜಾವನ್ನು ಬೇರೆಲ್ಲೋ ಹೊಲಿದು ಮುಚ್ಚಿದ್ದಾಗಿತ್ತು.

ಹದಿನೈದು ದಿನಕ್ಕೆ ಬಿಡುಗಡೆಯಾಯಿತು. ರೇಣವ್ವ ಅಂದು ಏನೂ ಕೇಳಲಿಲ್ಲ, ಬುತ್ತಿ ಬಿಚ್ಚಿ ಮೊದಲ ರೊಟ್ಟಿ ನನ್ನ ಕೈಗಿಟ್ಟಳು. ಅಷ್ಟು ರುಚಿಯ ರೊಟ್ಟಿಯನ್ನು ನಾನು ಮತ್ತೆ ತಿಂದಿಲ್ಲ.

ತಿಂಗಳಾದ ಮೇಲೆ ನನ್ನ ಬ್ಯಾಗಿನ ಹಿಡಿ ಕಿತ್ತಿತು. ನೆಟ್ಟಗೆ ಯಮನಪ್ಪನ ಅಂಗಡಿಗೆ ಹೋದೆ. ಅವನು ಬ್ಯಾಗನ್ನು ಗೋಣಿಯ ಮೇಲೆ ಬೋರಲು ಹಾಕಿ ಕೊಡವಿದ. ಒಳಬಟ್ಟೆಯನ್ನು ಇಂಚಿಂಚೂ ಒತ್ತಿ ನೋಡಿದ.

"ನನ್ನ ಬ್ಯಾಗೂ ತಪಾಸಣೆ ಮಾಡ್ತೀರೇನ್ರಿ?" ಎಂದೆ.

"ತಪ್ಪು ತಿಳೀಬ್ಯಾಡ್ರಿ ಅವ್ವಾರ. ಈಗ ದೇವರ ಬ್ಯಾಗ ಬಂದ್ರೂ ಹಿಂಗ ನೋಡಾಂವ ನಾ."

ಬಿದ್ದ ಪೆನ್ನು, ಬಾಚಣಿಗೆಯ ನಡುವೆ ನಾಲ್ಕು ಮಡಿಕೆಯ ಒಂದು ಕಾಗದವಿತ್ತು, ನನ್ನ ಇಪ್ಪತ್ತಮೂರು ಪ್ರಶ್ನೆಗಳದು. "ಇದು ಬೇಕೇನ್ರಿ?" ಎಂದ. ಬೇಡವೆಂದೆ. ಎರಡು ಸೂಜಿಗೂ ದಾರ ಪೋಣಿಸಿ, ಮೇಣ ಸವರಿ, ಉಳಿದ ಮೇಣದ ಉಂಡೆಯನ್ನು ಆ ಕಾಗದದಲ್ಲೇ ಸುತ್ತಿ ಪಕ್ಕಕ್ಕಿಟ್ಟು, ಯಮನಪ್ಪ ಹಿಡಿಗೆ ಮೊದಲ ಹೊಲಿಗೆ ಹಾಕಿದ.