ತಿರುವಿನಾಚೆಯ ಗಾಡಿ

ಪೆಟ್ಟಿಗೆ ಸುಮ್ಮನಿತ್ತು. ಅಂದರೆ ತಿರುವಿನಾಚೆ ದೇಬೋರಾ ಇನ್ನೂ ಇಲ್ಲ.

ಜನವಾಡ ದಾಟಿ, ಜಾಲಿಗಿಡ ಮುಚ್ಚಿದ ಕುರುಡು ತಿರುವಿನಲ್ಲಿ ಕಾರು ನಿಲ್ಲಿಸಿಕೊಂಡು ಜೀವನಕುಮಾರ ಕಾಯುತ್ತಿದ್ದ. ಔರಾದದಲ್ಲಿ ನರ್ಸಾಗಿ ಬೇರೆಯೇ ಇದ್ದ ಹೆಂಡತಿ ದೇಬೋರಾ ಈ ಭಾನುವಾರ ಬೀದರಿಗೆ ಬರುತ್ತೇನೆಂದಿದ್ದಳು. ಚರ್ಚಿಗೆ, ಆಮೇಲೆ ಮನೆಗೆ. ಮನೆಗೆ ಎಂದಳೋ, ಅವನೇ ಸೇರಿಸಿಕೊಂಡನೋ, ಈಗ ಖಚಿತವಿಲ್ಲ. ಬಂದರೆ ಉಳಿಯುತ್ತಾಳೆ. ಬರದಿದ್ದರೆ ಇನ್ನು ಕೇಳುವುದಕ್ಕೇನೂ ಇಲ್ಲ.

ಪೆಟ್ಟಿಗೆ ಅವನೇ ಮಾಡಿದ್ದು. ಇಂಜಿನಿಯರಿಂಗ್ ಕಾಲೇಜಿನ ಈ ಮೇಷ್ಟ್ರಿಗೆ ಇದ್ದ ಒಂದೇ ಹುಚ್ಚು. ಒಂದು ಗಾಡಿ ತಾನೆಲ್ಲಿದ್ದೇನೆಂದು ಗಾಳಿಯಲ್ಲಿ ಹೇಳುತ್ತದೆ. ಹತ್ತಿರದ ಇನ್ನೊಂದು ಗಾಡಿಯ ಪೆಟ್ಟಿಗೆ ಅದನ್ನು ಕೇಳಿಸಿಕೊಂಡು ಕೂಗುತ್ತದೆ. ಇದ್ದವು ಎರಡೇ. ಒಂದು ಅವನ ಕಾರಿನಲ್ಲಿ, ಇನ್ನೊಂದು ಅವಳ ಸ್ಕೂಟಿಯಲ್ಲಿ. ಎರಡೇ ಎಂದು ಅವಳಿಗೆ ಹೇಳಿರಲಿಲ್ಲ. ಇದಿದ್ದರೆ ಅಪಘಾತ ಆಗುವುದಿಲ್ಲ ಎಂದಷ್ಟೇ ಹೇಳಿದ್ದ.

“ಮೂಲಿ ಆಚಿ ಗಾಡಿ ಕಾಣ್ತಾವ ನಿಮಗ,” ಅಂದಿದ್ದಳು ಅದನ್ನು ಸ್ಕೂಟಿಗೆ ಕೂರಿಸಿದ ದಿನ. “ಎದುರಿಗಿ ಕುಂತಾಕಿ ಕಾಣಂಗಿಲ್ಲ.”

ಅವನು ಸ್ಕ್ರೂ ಬಿಗಿ ಮಾಡಿದ್ದ.

ಪೆಟ್ಟಿಗೆ ಕೂಗಿತು.

ಕನ್ನಡಿಯಲ್ಲಿ ಕೂದಲು ಸರಿಮಾಡಿಕೊಂಡು ಇಳಿದ. ರಸ್ತೆಯ ನಡುವೆ ನಿಂತ. ಮುಖದ ಮೇಲೆ ನಗು ತಾನಾಗಿಯೇ ಬಂತು. ಅದು ಅಷ್ಟು ಬೇಗ ಬಂದದ್ದಕ್ಕೆ ನಾಚಿಕೆಯಾಯಿತು.

ಹಾರನ್ನಿಲ್ಲದೆ ಬಂದ ಟೆಂಪೊ ಕಿರುಚಿ ನಿಂತಿತು.

“ಏ ಸಾಹೇಬಾ! ಸಾಯಾಕ ನನ್ನ ಗಾಡಿನೇ ಬೇಕೇನು?”

ಹಿಂದೆ ಹೆಂಗಸರು ನಕ್ಕರು. ಹಾಸಿಗೆ, ಕೊಡ, ಮಕ್ಕಳು, ಮೇಲೆ ಗಂಡಸರು. ಮಳೆಯಿಲ್ಲದ ಮೂರನೆಯ ವರ್ಷ ಡಾಬಕಾ ಹಳ್ಳಿ ಕೂಲಿ ಹುಡುಕಿಕೊಂಡು ಅರ್ಧ ಖಾಲಿಯಾಗಿತ್ತು. ಮುಂದಿನ ಗಾಜಿನ ಹಿಂದೆ, ನಿಂಬೆ ಮೆಣಸಿನಕಾಯಿಯ ಪಕ್ಕ, ಕುಂಕುಮ ಹಚ್ಚಿಸಿಕೊಂಡು ಅವನ ಪೆಟ್ಟಿಗೆ ಕೂತಿತ್ತು.

“ಇದು ಎಲ್ಲಿದು?”

“ನರ್ಸಕ್ಕ ಕೊಟ್ಟಾರ್ರಿ,” ಡ್ರೈವರ್ ಗೋರಖನಾಥನಿಗೆ ಹೆಮ್ಮೆ. “ಇಷ್ಟು ಮಂದಿನ್ನ ಹೇರ್ಕೊಂಡು ಹೈದರಾಬಾದಿಗಿ ಹೊಂಟೀದಿ, ನಿನ್ ಬಲ್ಲಿ ಇರ್ಲಿ ಅಂದ್ರು.”

“ಅವರು?”

“ಸ್ಕೂಟಿ ಮಾರಿ ಭಾಲ್ಕಿಗಿ ಹೋದ್ರಲ್ರಿ, ತವರಮನಿಗಿ. ನಿಮಗ ಗುರ್ತೇನ್ರಿ?”

“ಇಲ್ಲ. ಸುಮ್ನ ಕೇಳ್ದೆ.”

ಹಿಂಬದಿಯಿಂದ ಮುದುಕಿಯೊಬ್ಬಳು, ಕೇಶರಬಾಯಿ, ತಲೆ ಹೊರಹಾಕಿದಳು. “ಇದು ಬಂದಾಗಿಂದ ನಮ್ ಗೋರಖ ಮೂಲಿಗಿ ಹಾರನ್ನೂ ಹೊಡ್ಯಂಗಿಲ್ಲ ತಮ್ಮಾ. ಎದುರಿಗಿ ಯಾರರ ಬಂದ್ರ ಅದೇ ಒದರ್ತದಂತ!”

ಒದರುವುದಿಲ್ಲ. ಈ ಲೋಕದಲ್ಲಿ ಅದು ಒದರುವುದು ಅವನ ಕಾರಿಗೊಂದಕ್ಕೇ. ಹೈದರಾಬಾದ ರಸ್ತೆಯ ಲಾರಿಗಳಿಗೆ ಅದು ಮೂಕ. ಅದನ್ನು ಹೇಳಲು ಒಂದು ವಾಕ್ಯ ಸಾಕಿತ್ತು.

“ಆ ಪೆಟ್ಟಿಗಿ…” ಎಂದ. ಎಲ್ಲರೂ ನೋಡಿದರು. ಮುಂದೆ ಹೇಳಬೇಕಾದರೆ ತಾನು ಯಾರೆಂದು ಹೇಳಬೇಕು. ಆ ನರ್ಸಕ್ಕನಿಗೆ ಏನಾಗಬೇಕೆಂದು ಹೇಳಬೇಕು.

“ಹುಷಾರ್ ಹೋಗ್ರಿ.”

“ಇದು ಅದ ಅಲ್ರಿ, ಫಿಕರ್ ಯಾಕ?” ಗೋರಖನಾಥ ಪೆಟ್ಟಿಗೆಯನ್ನು ಕರುವನ್ನು ತಟ್ಟುವಂತೆ ತಟ್ಟಿದ.

ಟೆಂಪೊ ಹೋಯಿತು. ಕಾರಿನಲ್ಲಿ ಕೂಗು ಸಣ್ಣದಾಗುತ್ತ ನಿಂತೇಹೋಯಿತು. ಜೀವನಕುಮಾರ ಕಾರು ತಿರುಗಿಸಿದ.

ಟೆಂಪೊಗೆ ಹತ್ತಿರವಾದಾಗ ಪೆಟ್ಟಿಗೆ ಮತ್ತೆ ಕೂಗಿತು. ತಾನು ಹಿಂದಿರುವಷ್ಟು ಹೊತ್ತು ಅವರ ಪೆಟ್ಟಿಗೆಯೂ ಕೂಗುತ್ತಿರುತ್ತದೆ, ಅವಳು ಅವರಿಗೆ ಕೊಟ್ಟ ಮಾತು ಪೂರ್ತಿ ಸುಳ್ಳಲ್ಲ ಎನಿಸಿತು. ಬೀದರಿನಲ್ಲಿ ಮನೆಯ ಓಣಿ ಬಂತು, ಹೋಯಿತು. ಊರಾಚೆ ಲಾರಿಗಳು ಒಂದರ ಹಿಂದೊಂದು ಎದುರಾದವು. ಎಲ್ಲವೂ ಯಾರಿಗೂ ಏನನ್ನೂ ಹೇಳದೆ ದಾಟಿದವು. ಒಂದೆಡೆ ಬಾಯಿ ತೆರೆದು ಕೂಗಿದ. ಕಿಟಕಿಯ ಗಾಜು ಮುಚ್ಚಿಯೇ ಇತ್ತು.

ಕಾರಿಗೆ ಅವಸರವೆಂದುಕೊಂಡಳೇನೋ, ಕೇಶರಬಾಯಿ ಟೆಂಪೊದಿಂದ ಕೈ ಚಾಚಿ ಸನ್ನೆ ಮಾಡಿದಳು: ರಸ್ತೆ ಖಾಲಿ ಇದೆ, ಮುಂದೆ ಹೋಗು. ಅವನು ಹೋಗಲಿಲ್ಲ. ಮತ್ತೆ ಬೀಸಿದಳು. ಆಮೇಲೆ ಪಕ್ಕದ ಹೆಂಗಸರು, ಆಮೇಲೆ ಆಟ ಸಿಕ್ಕಿದಂತೆ ಮಕ್ಕಳು. ಧೂಳಿನೊಳಗೆ ಅಷ್ಟೂ ಕೈಗಳು ಅವನೊಬ್ಬನಿಗೆ ಹೋಗು, ಹೋಗು ಎಂದು ಬೀಸುತ್ತಲೇ ಇದ್ದವು.